ಹೂಳದೆ ಉಳಿದ ದೇಹಗಳ ಕಥೆ

ಭೂತಪ್ರೇತಗಳ ಕಥೆಯೆಂದರೆ ಹೊತ್ತು ಕಳೆಯಲು ಓದುವ ಅಗ್ಗದ ಸಾಹಿತ್ಯವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಇರಾಕಿನ ಅಹ್ಮದ್ ಸಾದಾವಿಯವರ ‘ಬಾಗ್ದಾದಿನಲ್ಲಿ ಫ್ರಾಂಕೆನ್‌ಸ್ಟೈನ್’ ಎಂಬ ಅರಬ್ಬಿ ಕಾದಂಬರಿಯನ್ನು ಓದಿದವರು ಹಾಗೆನ್ನಲಾರರು. 2013ರಲ್ಲಿ ಪ್ರಕಟವಾದ ಇದಕ್ಕೆ ಮರುವರ್ಷ ಅರಬ್ಬಿ ಕಾದಂಬರಿಯ ಅಂತರರಾಷ್ಟ್ರೀಯ ಪ್ರಶಸ್ತಿ ದೊರೆಯಿತು. 2018ರಲ್ಲಿ ಇಂಗ್ಲಿಷಿಗೆ ಅನುವಾದಗೊಂಡಿತು.

ಕಥೆಯ ಕಾಲ 2005. ಅಮೆರಿಕದ ಸೇನೆ ಇರಾಕನ್ನು ಆಕ್ರಮಿಸಿ ಎರಡು ವರ್ಷಗಳಾಗಿವೆ. ಹಾದಿ ಎಂಬ ಹಳೆಯ ಸಾಮಾನಿನ ವ್ಯಾಪಾರಿಯ ಗೆಳೆಯ ಬಾಂಬ್ ಸ್ಫೋಟದಲ್ಲಿ ಸಾಯುತ್ತಾನೆ. ಶವಾಗಾರದಲ್ಲಿ ಯಾರ ಅಂಗ ಯಾರದೆಂದೇ ತಿಳಿಯದು. ಆಮೇಲೆ ಹಾದಿ ಬೀದಿಯಲ್ಲಿ ಬಿದ್ದ ಅಂಗಾಂಗಗಳನ್ನು ಆಯ್ದು ತಂದು ಹೊಲಿಯತೊಡಗುತ್ತಾನೆ. ಪೂರ್ಣದೇಹವಾದರೆ ಕಸದಂತೆ ಎಸೆಯದೆ ಮರ್ಯಾದೆಯಿಂದ ಹೂಳಿಯಾರು ಎಂಬುದಷ್ಟೇ ಅವನ ಆಸೆ. 1818ರಲ್ಲಿ ಪ್ರಕಟವಾದ ಮೇರಿ ಶೆಲ್ಲಿಯ ಮೂಲ ‘ಫ್ರಾಂಕೆನ್‌ಸ್ಟೈನ್’ ಕಾದಂಬರಿಯ ವಿಜ್ಞಾನಿಗಿದ್ದುದು ಜೀವವನ್ನೇ ಸೃಷ್ಟಿಸುವ ಹೆಬ್ಬಯಕೆ. ಇಲ್ಲಿರುವುದು ಒಂದು ಕರುಣಾಕಾರ್ಯ. ನಿನೆವೆಯಲ್ಲಿ ಅರಸನ ಕಣ್ಣು ತಪ್ಪಿಸಿ ತನ್ನವರ ಶವಗಳನ್ನು ಹೂಳುತ್ತಿದ್ದ ತೊಬಿತನನ್ನು ಬಲ್ಲ ನಮಗೆ ಇದು ಹೊಸತಲ್ಲ. ಆ ನಿನೆವೆ ಇರುವುದೂ ಇಂದಿನ ಇರಾಕಿನಲ್ಲೇ.

ಆದರೆ ಹೂಳುವ ಮೊದಲೇ, ಸ್ಫೋಟಕ್ಕೆ ಬಲಿಯಾದ ಕಾವಲುಗಾರನೊಬ್ಬನ ಅಲೆದಾಡುವ ಆತ್ಮ ಆ ದೇಹವನ್ನು ಹೊಗುತ್ತದೆ. ನೆರೆಮನೆಯ ಎಲಿಶ್ವಾ ಅಸ್ಸೀರಿಯ ಕ್ರೈಸ್ತ ವಿಧವೆ. ಇರಾನ್ ಯುದ್ಧಕ್ಕೆ ಹೋದ ಮಗ ದಾನಿಯೇಲ ಮರಳಲಿಲ್ಲ. ಹೂಳಿದ್ದು ಬರಿಯ ಪೆಟ್ಟಿಗೆ. ಸಂತ ಜಾರ್ಜರ ಚಿತ್ರಪಟದೆದುರು ಮಾತನಾಡುತ್ತ 20 ವರ್ಷ ಕಾದ ಆ ತಾಯಿ, ಎದುರಿಗೆ ಬಂದ ವಿಕಾರ ರೂಪವನ್ನು ಮಗನೆಂದೇ ಕರೆದು ಬಟ್ಟೆ ತೊಡಿಸುತ್ತಾಳೆ. ಇಡೀ ಕೃತಿಯಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಭಾಗವಿದು. ಲೇಖಕರಾದರೋ ಇಲ್ಲಿಯೂ ನಮಗೆ ನೆಮ್ಮದಿ ಕೊಡುವುದಿಲ್ಲ. ದಾನಿಯೇಲನನ್ನು ಯುದ್ಧಕ್ಕೆ ಎಳೆದೊಯ್ದ ಮುದುಕ ಆ ಜೀವಿಯ ಕೈಯಲ್ಲಿ ಸಾಯುತ್ತಾನೆ. ತಾಯಿಯ ಕಣ್ಣೀರೂ ಒಂದು ಕೊಲೆಗೆ ಕಾರಣವಾಗುತ್ತದೆ.

ಯಾರ ಸೇಡು ತೀರಿತೋ ಅವರ ಅಂಗ ಕೊಳೆತು ಕಳಚಿ ಬೀಳುತ್ತದೆ. ಬದುಕಲು ಹೊಸ ಮಾಂಸ ಬೇಕು. ಮೊದಲಿಗೆ ನಿರಪರಾಧಿಗಳ ಅಂಗ, ಆಮೇಲೆ ಪಾತಕಿಗಳದು, ಕಡೆಗೆ ಕಣ್ಣಿಗಾಗಿ ಏನೂ ಅರಿಯದ ಮುದುಕನೊಬ್ಬನ ಕೊಲೆ. ಸತ್ತವರ ಸಂಖ್ಯೆಯನ್ನಷ್ಟೇ ಕೊಡುವ ಪತ್ರಿಕಾ ವರದಿ ಇದನ್ನು ಹೇಳಲಾರದು. ನ್ಯಾಯವೆಂದು ಹೊರಟ ಸೇಡು ಯಾವ ಗಳಿಗೆಯಲ್ಲಿ ಕೊಲೆಯಾಯಿತೆಂದು ಕೊಲ್ಲುವವನಿಗೇ ತಿಳಿಯದು. ಅಂಥ ಸ್ಥಿತಿಗೆ ಭಯಾನಕ ಕಥೆಯ ರೂಪವೇ ತಕ್ಕದ್ದು.

ಜ್ಯೋತಿಷಿಗಳನ್ನು ಸಾಕಿಕೊಂಡ ಸರ್ಕಾರಿ ಇಲಾಖೆಯ ಪ್ರಸಂಗಗಳು ನಗೆ ತರಿಸಿದರೂ ಅಗತ್ಯಕ್ಕಿಂತ ಉದ್ದವಾಗಿವೆ. ಎಳೆಯರಿಗೆ ಓದಲು ಕೊಡುವ ಪುಸ್ತಕವಲ್ಲ. ಕಾಲೇಜು ಮೆಟ್ಟಿಲೇರಿದ ಮಕ್ಕಳೊಡನೆ ಹಿರಿಯರು ಓದಿ ಚರ್ಚಿಸಬಹುದು. ಕೊನೆಯಲ್ಲಿ ಎಲಿಶ್ವಾ, ಕಳೆದುಹೋದ ಮಗನನ್ನೇ ಹೋಲುವ ಮೊಮ್ಮಗನೊಡನೆ, ಮನೆ ಮಾರಿ ಮೆಲ್ಬೋರ್ನಿನಲ್ಲಿರುವ ಹೆಣ್ಣುಮಕ್ಕಳ ಬಳಿಗೆ ಹೊರಡುತ್ತಾಳೆ. 2003ರ ನಂತರ ಇರಾಕಿನ ಕ್ರೈಸ್ತರ ಎಷ್ಟೋ ಮನೆಗಳು ಹೀಗೆಯೇ ಖಾಲಿಯಾದವು.