ಗೃಹಸ್ಥನ ಮಾತು, ಗೃಹಿಣಿಯ ಮೌನ

ಮಧ್ಯಯುಗದ ಯೂರೋಪೆಂದರೆ ನಮ್ಮ ವಿದ್ಯಾರ್ಥಿಗಳ ಕಣ್ಣಿಗೆ ಕಟ್ಟುವುದು ಕೋಟೆ, ಕುದುರೆ, ಧರ್ಮಯುದ್ಧ ಮತ್ತು ಪ್ಲೇಗು. ಆ ಪಟ್ಟಣಗಳಲ್ಲಿಯೂ ಬೆಳಗಾದರೆ ಒಲೆ ಹಚ್ಚುವವರಿದ್ದರು, ಸಂಜೆಗೆ ದಣಿದು ಮನೆ ಸೇರುವವರಿದ್ದರು ಎಂಬುದು ಪಠ್ಯಪುಸ್ತಕಗಳಿಂದ ತಿಳಿಯುವಂತಿಲ್ಲ. ಈ ಕೊರತೆಯನ್ನು ತುಂಬಿಕೊಟ್ಟವರಲ್ಲಿ ಇಂಗ್ಲೆಂಡಿನ ಇತಿಹಾಸಕಾರ್ತಿ ಐಲೀನ್ ಪವರ್ ಪ್ರಮುಖರು. ಅವರ ‘ಮೆಡೀವಲ್ ಪೀಪಲ್’ 1924ರಲ್ಲಿ ಪ್ರಕಟವಾಯಿತು. ನೂರು ವರ್ಷ ದಾಟಿದ ಈ ಗ್ರಂಥವನ್ನು ಇಂದಿಗೂ ತರಗತಿಗೆ ಒಯ್ಯಬಹುದು. ಹೇಗೆ ಓದಿಸಬೇಕೆಂಬುದೇ ನನ್ನ ವಿಚಾರ.

ಗ್ರಂಥದ ವ್ಯಕ್ತಿಚಿತ್ರಗಳಲ್ಲಿ ಪಟ್ಟಣದ ಮನೆಯೊಳಕ್ಕೇ ನಮ್ಮನ್ನು ಕರೆದೊಯ್ಯುವುದು ಪ್ಯಾರಿಸಿನ ಗೃಹಿಣಿಯೊಬ್ಬಳದು. 1393ರ ಸುಮಾರಿಗೆ ವಯಸ್ಸಾದ, ಸಿರಿವಂತನಾದ ಗೃಹಸ್ಥನೊಬ್ಬನು ಹದಿನೈದು ವರ್ಷದ ತನ್ನ ಹೆಂಡತಿಗಾಗಿ ಬರೆದ ‘ಲ ಮೆನಾಜಿಯೆ ದ ಪಾರಿ’ ಎಂಬ ಕೈಪಿಡಿಯೇ ಇದಕ್ಕೆ ಆಧಾರ. ಅದರಲ್ಲಿ ಪ್ರಾರ್ಥನೆಯುಂಟು, ತೋಟಗಾರಿಕೆಯುಂಟು, ಅಡಿಗೆಯುಂಟು. ಹಾಸಿಗೆಯ ಚಿಗಟಗಳನ್ನು ಓಡಿಸಲು ಆರು ಉಪಾಯಗಳೂ ಉಂಟು. ಮನೆಗೆ ಮರಳಿದ ಗಂಡನನ್ನು ಬೆಂಕಿಯ ಮುಂದೆ ಕೂರಿಸಿ ಕಾಲು ತೊಳೆಯಬೇಕು. ಆಳುಗಳು ಮಲಗುವಾಗ ಮೇಣದ ಬತ್ತಿಯನ್ನು ಬಾಯಿಂದಲೋ ಕೈಯಿಂದಲೋ ಆರಿಸಬೇಕು, ಅಂಗಿಯಿಂದ ಕೂಡದು.

ಈ ‘ಕೂಡದು’ ಎಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಅಂಗಿಯಿಂದ ಬತ್ತಿ ಆರಿಸುವವರು ಇಲ್ಲದಿದ್ದರೆ ಈ ನಿಷೇಧವೇಕೆ? ದಣಿದ ಆಳೊಬ್ಬ ಅಂಗಿ ಕಳಚಿ ಬತ್ತಿಯ ಮೇಲೆ ಎಸೆದು ಉರುಳಿಕೊಂಡ ದೃಶ್ಯ ಯಜಮಾನನ ಕಟ್ಟಳೆಯ ಹಿಂದೆ ಅಡಗಿದೆ. ದಿನನಿತ್ಯದ ಬಾಳನ್ನು ಹೀಗೆ ಹುಡುಕಿ ತೆಗೆಯಬೇಕೇ ಹೊರತು, ಕಟ್ಟಳೆಯನ್ನೇ ಬಾಳೆಂದು ಭ್ರಮಿಸಬಾರದು.

ಪವರ್ ಅವರ ಶೈಲಿ ಸರಸವಾದುದು. ಪಾಂಡಿತ್ಯದ ಭಾರ ಓದುಗನ ಮೇಲೆ ಬೀಳುವುದಿಲ್ಲ. ಆದರೆ ಅವರಿಗೆ ಈ ವೃದ್ಧನ ಮೇಲೆ ಅಕ್ಕರೆ ಹೆಚ್ಚು. ಅಕ್ಕರೆಗೆ ಕಾರಣವಿಲ್ಲವೆನ್ನಲಾರೆ. ತಾನು ಮೊದಲು ಸಾಯುವುದನ್ನೂ, ಆಕೆ ಮತ್ತೊಬ್ಬನನ್ನು ವರಿಸುವುದನ್ನೂ ಆತ ನಿರ್ವಿಕಾರವಾಗಿ ಎಣಿಸಿದ್ದಾನೆ. ಸಹನೆಯ ಪರಾಕಾಷ್ಠೆಯಾದ ಗ್ರಿಸೆಲ್ಡಳ ಕಥೆ ಹೇಳಿದರೂ, ನಿನ್ನಿಂದ ಅಷ್ಟನ್ನು ನಿರೀಕ್ಷಿಸೆನೆನ್ನುತ್ತಾನೆ. ಆದರೂ ಅಧ್ಯಾಯದ ಶೀರ್ಷಿಕೆಯಲ್ಲಿರುವವಳು ಹೆಂಡತಿ, ಒಳಗೆಲ್ಲ ಮಾತಾಡುವವನು ಗಂಡ. ಈ ಅಂತರವನ್ನು ಲೇಖಕಿ ಸಾಕಷ್ಟು ಎತ್ತಿ ತೋರಿಸಿಲ್ಲವೆಂಬುದೇ ನನ್ನ ಆಕ್ಷೇಪ.

ಈ ಅಧ್ಯಾಯದ ಸಾರಾಂಶವನ್ನು ಒಮ್ಮೆ ತರಗತಿಯಲ್ಲಿ ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು, “ಇದಕ್ಕೆಲ್ಲ ಆ ಹುಡುಗಿ ಏನೆಂದಳು, ಸಾರ್?” ಎಂದು ಕೇಳಿದಳು. ಅದೇ ಕೇಳತಕ್ಕ ಪ್ರಶ್ನೆ. ಮನೆವಾರ್ತೆಗೆ ನೆರವಾಗುವ ಆಗ್ನೆಸ್, ಕಾರುಬಾರಿ ಜೆಹಾನ್ ಇವರ ಹೆಸರುಗಳು ಕೈಪಿಡಿಯಲ್ಲಿವೆ, ಹೆಂಡತಿಯ ಹೆಸರಿಲ್ಲ. ಗಂಡ ಆಕೆಯನ್ನು ‘ಪ್ರಿಯ ಸೋದರಿ’ ಎಂದೇ ಸಂಬೋಧಿಸುತ್ತಾನೆ. ಪೀಠಿಕೆಯಲ್ಲಿ ಮಾತ್ರ ಆಕೆಯ ಬೇಡಿಕೆಯೊಂದು ದಾಖಲಾಗಿದೆ: ಮದುವೆಯಾದ ವಾರದಲ್ಲಿಯೇ ಆಕೆ, ತಪ್ಪು ಮಾಡಿದರೆ ಪರರ ಮುಂದೆಯಾಗಲಿ ಮನೆಯವರ ಮುಂದೆಯಾಗಲಿ ಗದರಬೇಡಿ, ರಾತ್ರಿ ಕೋಣೆಯಲ್ಲಿ ತಿದ್ದಿರಿ ಎಂದು ಬೇಡಿಕೊಂಡಳಂತೆ. ಅದೂ ಗಂಡ ಹೇಳಿದ್ದು. ಆದರೂ ಹೊಸ ಮನೆಯಲ್ಲಿ ತನ್ನ ಮಾನ ಉಳಿಸಿಕೊಳ್ಳಲು ಹೆಣಗುವ ಹುಡುಗಿ ಅಲ್ಲಿ ನಮಗೆ ಕಾಣಸಿಗುತ್ತಾಳೆ.

ಕೈಪಿಡಿಯನ್ನು 1928ರಲ್ಲಿ ಪವರ್ ಅವರೇ ‘ದಿ ಗುಡ್‌ಮನ್ ಆಫ್ ಪ್ಯಾರಿಸ್’ ಎಂದು ಇಂಗ್ಲಿಷಿಗೆ ತಂದರು. ಅಧ್ಯಾಪಕರು ಅಧ್ಯಾಯದ ಜತೆಗೆ ಆ ಪೀಠಿಕೆಯನ್ನೂ ಓದಿಸಲಿ. ಅಡಿಗೆಯ ವಿವರಗಳನ್ನು ವಿದ್ಯಾರ್ಥಿಗಳು ಮರೆತಾರು. ಬರೆದವನು ಯಾರು, ಬರೆಯಲಾಗದೆ ಹೋದವರು ಯಾರು ಎಂದು ಕೇಳುವ ಅಭ್ಯಾಸ ಉಳಿದರೆ, ಪಾಠ ಸಾರ್ಥಕವೆನ್ನಬಹುದು.