ಹಳದಿಯ ಹಿಂದೆ ಏನಿದೆ?

ಹಳದಿಗೆ ಯಾವ ಹಿನ್ನೆಲೆ ಒಪ್ಪುತ್ತೆ ಅಂತ ಕೇಳಿ ನೋಡಿ. ಬಣ್ಣದ ಚಕ್ರ ಬಲ್ಲವರೆಲ್ಲ ಥಟ್ಟಂತ ನೇರಳೆ ಅಂತಾರೆ. ಚಕ್ರದಲ್ಲಿ ಹಳದಿಯ ಎದುರಿಗೆ ಕೂತಿರೋದು ಅದೇ ತಾನೆ? ಅಕ್ಕಪಕ್ಕದ ಬಣ್ಣಗಳು ಒಂದನ್ನೊಂದು ಹೇಗೆ ಏರಿಸುತ್ತವೆ ಅಂತ 1839ರಲ್ಲೇ ಪುಸ್ತಕ ಬರೆದ ಫ್ರಾನ್ಸಿನ ಶೆವ್ರಲ್, ಪ್ಯಾರಿಸ್ಸಿನ ಗೊಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥ. ಅಂದರೆ ಅವನ ಕಣ್ಣೆದುರಿಗೆ ಇದ್ದದ್ದು ನೂಲು. ಹಳದಿ ರೇಷ್ಮೆ ಸೀರೆಗೆ ನೇರಳೆ ಅಂಚು ಚೆನ್ನಾಗೇ ಕಾಣುತ್ತೆ, ಅದಕ್ಕೆ ನನ್ನ ತಕರಾರಿಲ್ಲ. ತಕರಾರಿರೋದು ನೂಲಿನ ನಿಯಮವನ್ನು ಹಾಗೇ ಎತ್ತಿ ತಂದು ಗಾಜಿನ ಮೇಲೆ ಹೇರೋದರ ಬಗ್ಗೆ.

ಲ್ಯಾಂಪ್‌ವರ್ಕ್ ಅಂದರೆ ಟಾರ್ಚಿನ ಉರಿಯಲ್ಲಿ ಬಣ್ಣದ ಗಾಜಿನ ಕಡ್ಡಿ ಕರಗಿಸಿ, ಉಕ್ಕಿನ ಸಣ್ಣ ಸರಳಿಗೆ ಸುತ್ತಿ ಮಣಿ ಮಾಡೋದು. ಆ ಮಣಿಯ ಮೇಲೆ ಇನ್ನೊಂದು ಬಣ್ಣದ ಚುಕ್ಕಿ, ಎಳೆ. ಇಲ್ಲಿ ಹಿನ್ನೆಲೆ ಅನ್ನೋದು ಹಿಂದೆ ಇರೋದಿಲ್ಲ, ಹಳದಿಯೊಳಗೇ ಇಣುಕುತ್ತೆ. ಬೆಳಕು ದಾಟಲ್ಲ ಅಂತ ಮಾರೋ ಹಳದಿ ಕೂಡ ಸಪೂರ ಎಳೆಯಾಗಿ ಕರಗಿ ಹರಡಿದಾಗ ಬಡವಾಗುತ್ತೆ. ಪಾರದರ್ಶಕ ಹಳದಿಯ ಕಥೆಯಂತೂ ಕೇಳಲೇಬೇಡಿ. ತಿಳಿನೀಲಿಯ ಮೇಲೆ ಹಾಕಿದರೆ ಹಸಿರು, ನೇರಳೆಯ ಮೇಲೆ ಹಾಕಿದರೆ ಕೆಸರು. ಅಷ್ಟು ಆಸೆಪಟ್ಟು ಆರಿಸಿದ ಪಾರದರ್ಶಕ ನೇರಳೆಯೂ ದಪ್ಪ ಮಣಿಯಲ್ಲಿ ಹೆಚ್ಚುಕಡಿಮೆ ಕಪ್ಪಾಗೇ ಕಾಣೋದು!

ಇನ್ನೊಂದು ತಮಾಷೆ ಇದೆ. ಕ್ಯಾಡ್ಮಿಯಂ ಇರುವ ಹಳದಿ ಗಾಜು ಕಾದಾಗ ಹಳದಿಯಾಗಿ ಇರೋದೇ ಇಲ್ಲ, ಕಿತ್ತಳೆಯೋ ಕೆಂಪೋ ಆಗಿರುತ್ತೆ. ನಿಜವಾದ ಜೋಡಿ ಗೊತ್ತಾಗೋದು ಗೂಡಿನಲ್ಲಿ ನಿಧಾನಕ್ಕೆ ತಣಿದು ಹೊರಗೆ ಬಂದ ಮೇಲೆ. ಆಗ ಅಯ್ಯೋ ಅಂದರೆ ಏನು ಬಂತು, ಅಳಿಸಿ ಬರೆಯೋಕೆ ಇದು ಕಾಗದವಲ್ಲ.

ಫೋನಿನ ಪರದೆಯಲ್ಲಿ ಎಲ್ಲರೂ ಮರುಳಾಗೋದು ಟರ್ಕ್ವಾಯ್ಸ್ ಮೇಲಿನ ಹಳದಿಗೆ. ಆದರೆ ಟರ್ಕ್ವಾಯ್ಸ್‌ನಲ್ಲಿ ತಾಮ್ರ ಇರುತ್ತೆ, ಕ್ಯಾಡ್ಮಿಯಂ ಹಳದಿಯಲ್ಲಿ ಗಂಧಕ. ಎರಡೂ ಬಿಸಿಯಲ್ಲಿ ಸೇರಿದ ಕಡೆ ಕಂದುಗಪ್ಪು ಗೆರೆಯೊಂದು ಮೂಡಬಹುದು. ಕಲ್ಲಿನ ಹಾಗೆ, ಮರದ ತೊಗಟೆಯ ಹಾಗೆ ಕಾಣಬೇಕಾದ ಮಣಿಗೆ ಆ ಗೆರೆ ವರ. ಸೂರ್ಯಕಾಂತಿ ಎಸಳಿನ ಸುತ್ತ ಬಂದರೆ ಹೂವಿಗೆ ರೋಗ ಬಂದ ಹಾಗಿರುತ್ತೆ. ಬಿಳಿಯ ಮೇಲೆ ಹಳದಿ? ಎರಡೂ ತಿಳಿ, ದೂರದಿಂದ ಏನೂ ಕಾಣಲ್ಲ. ಬಿಳಿಗೆ ಸರಿಯಾದ ಜಾಗ ಹಳದಿಯ ಅಡಿಯಲ್ಲಿ. ಮೊದಲು ಬಿಳಿ ಚುಕ್ಕಿ ಇಟ್ಟು, ಅದರ ಮೇಲೆ ಹಳದಿ ಕೂರಿಸಿದರೆ ಕೆಳಗೆ ಎಂಥ ಗಾಢ ಬಣ್ಣ ಇದ್ದರೂ ಹಳದಿ ಬೆಳಗುತ್ತೆ.

ಹಾಗಾದರೆ ಯಾವುದಪ್ಪಾ ಸರಿ ಅಂತೀರಾ? ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಗಾಜಿನದೊಂದು ಮೀನಿದೆ. ಈಜಿಪ್ಟಿನ ಅಮರ್ನಾದಲ್ಲಿ 1921ರಲ್ಲಿ ಸಿಕ್ಕ ಪುಟ್ಟ ಸೀಸೆ, ಮೂರು ಸಾವಿರ ವರ್ಷಕ್ಕೂ ಹಳೆಯದು. ಅದು ಲ್ಯಾಂಪ್‌ವರ್ಕ್ ಅಲ್ಲ, ಅಚ್ಚಿನ ತಿರುಳಿನ ಸುತ್ತ ಗಾಜು ಕಟ್ಟಿ ಮಾಡಿದ್ದು. ಆದರೆ ಬಿಸಿ ಗಾಜಿನ ಮೇಲೆ ಬಣ್ಣದ ಎಳೆ ಸುತ್ತೋ ಕೆಲಸ ಅಲ್ಲೂ ಇದೆ. ನೀಲಿ ಮೈ, ಅದರ ಮೇಲೆ ಹಳದಿ, ಬಿಳಿ ಎಳೆಗಳು; ಮೊನೆಯಿಂದ ಆ ಎಳೆಗಳನ್ನು ಎಳೆದೆಳೆದು ಹುರುಪೆಯ ಅಲೆ ಮಾಡಿದ್ದಾರೆ. ಹಳದಿ ಎಷ್ಟು ಕಡಿಮೆ ಇದೆ ನೋಡಿ! ಅಷ್ಟಕ್ಕೇ ಇಡೀ ಮೀನು ನೀರಲ್ಲಿ ಹೊರಳಿದ ಹಾಗೆ ಮಿನುಗುತ್ತೆ. ಅರ್ಧ ಮಣಿಗೆ ಹಳದಿ ಬಳಿದು, ಉಳಿದರ್ಧಕ್ಕೆ ಅದರ ‘ಜೋಡಿ’ ಹುಡುಕುವವರು ಈ ಪ್ರಮಾಣವನ್ನು ಒಮ್ಮೆ ಗಮನಿಸಬೇಕು.

ಕಪ್ಪೂ ನಡೆಯುತ್ತೆ, ಕರಿಮಣಿಯ ನಡುವಿನ ಚಿನ್ನ ನೋಡಿ ಬೆಳೆದ ಕಣ್ಣಿಗೆ ಅದನ್ನು ಹೇಳಿಕೊಡಬೇಕಿಲ್ಲ. ಆದರೆ ಕಪ್ಪಿನ ಮೇಲೆ ಹಳದಿ ಸ್ವಲ್ಪ ಬೋರ್ಡಿನ ಅಕ್ಷರದಂತೆ ಕೂಗುತ್ತೆ, ಆಟೋ ನೆನಪಾಗುತ್ತೆ. ನನ್ನ ಓಟು ಗಾಢ ಕೋಬಾಲ್ಟ್ ನೀಲಿಗೆ. ನೆರಳಲ್ಲಿ ಕಪ್ಪಿನಷ್ಟೇ ಆಳವಾಗಿ ನಿಂತು, ಕಿಟಕಿಗೆ ಹಿಡಿದ ಕೂಡಲೇ ನೀಲಿಯಾಗಿ ಬಿಚ್ಚಿಕೊಳ್ಳುತ್ತೆ. ಅಡಿಯಲ್ಲಿ ಬಿಳಿ ಇಟ್ಟ ಹಳದಿ ಚುಕ್ಕಿ ಮಾತ್ರ ಆಗಲೂ ಹಳದಿಯಾಗೇ ಇರುತ್ತೆ.