ಕೋಟಿನ ಗೂಟಗಳಲ್ಲಿ ಕೆಲಸಗಾರರು

ನಮ್ಮಲ್ಲಿ ಮನೆಯ ಕೊನೆಯ ಕೆಲಸಗಳೆಲ್ಲ ಗೃಹಪ್ರವೇಶದ ಮುಹೂರ್ತಕ್ಕೆ ಹೆದರಿ ಮುಗಿಯುತ್ತವೆ. ಹೋಮದ ಹೊಗೆಯ ಜೊತೆ ಪೇಂಟಿನ ವಾಸನೆ. ಚಿಲಕ ಅಂಗಡಿಯಲ್ಲಿ ಸಿಕ್ಕಿದ್ದು. ಅಮೆರಿಕದ ಪೆನ್ಸಿಲ್ವೇನಿಯಾದ ವಾರ್ಟನ್ ಎಶೆರಿಕ್ ಅವರಿಗೆ ಅಂಥ ಮುಹೂರ್ತವೇ ಇರಲಿಲ್ಲ. 1926ರಲ್ಲಿ ಗುಡ್ಡದ ಮೇಲೆ ಕಲ್ಲಿನ ಕಾರ್ಯಾಗಾರ ಕಟ್ಟಲು ತೊಡಗಿದ ಈ ಮರಗೆಲಸದ ಕಲಾವಿದ, ಮುಂದೆ ಅದನ್ನೇ ಮನೆ ಮಾಡಿಕೊಂಡು ನಾಲ್ಕು ದಶಕ ತಿದ್ದುತ್ತಲೇ ಇದ್ದರು.

ಎಲ್ಲರೂ ಹೊಗಳುವುದು 1930ರ ಓಕ್ ಮರದ ಸುರುಳಿ ಮೆಟ್ಟಿಲನ್ನು. ತಿರುಚಿದ ಕಾಂಡದಿಂದ ಕೊಂಬೆ ಮೂಡಿದ ಹಾಗೆ ಒಂದೊಂದೇ ಮೆಟ್ಟಿಲು ಹೊರಟಿದೆ. ಅದನ್ನು ಬಿಚ್ಚಿ ನ್ಯೂಯಾರ್ಕಿನ ವಿಶ್ವಮೇಳಕ್ಕೂ ಒಯ್ದಿದ್ದರು. ನನ್ನ ಮನಸ್ಸು ನಿಲ್ಲುವುದು ಮಾತ್ರ ಸಣ್ಣ ವಸ್ತುಗಳ ಮೇಲೆ. ಬಾಗಿಲಿನ ಅಗುಳಿ, ದೀಪ ಹೊತ್ತಿಸಲು ಎಳೆಯುವ ದಾರದ ತುದಿಯ ಹಿಡಿ, ಇವನ್ನೂ ಕೈಯಲ್ಲೇ ಕೆತ್ತಿದ್ದಾರೆ. ಇನ್ನು ಕೋಟು ತೂಗುಹಾಕುವ ಗೂಟಗಳೋ, ಕಟ್ಟಡಕ್ಕೆ ದುಡಿದ ಕೆಲಸಗಾರರನ್ನೇ ತಮಾಷೆಯಾಗಿ ಕಡೆದ ರೂಪಗಳು! (ನಮ್ಮ ಮನೆಗೆ ಗಾರೆ ಹಾಕಿದವರ ಮುಖ ನನಗೆ ನೆನಪಿಲ್ಲ.)

1966ರಲ್ಲಿ, ವಯಸ್ಸು ಎಂಬತ್ತರ ಹತ್ತಿರ ಇರುವಾಗ, ಕಣಜದಂಥ ದುಂಡನೆಯ ಗೋಪುರವೊಂದನ್ನು ಸೇರಿಸಿದರು. ಹೊರಗೋಡೆಯ ಗಾರೆಗೇ ಬಣ್ಣ ಬೆರೆಸಿ, ಸುತ್ತಲ ಮರಗಳ ಶರತ್ಕಾಲದ ಎಲೆಬಣ್ಣ ತಂದರು. 1970ರಲ್ಲಿ ತೀರಿಕೊಂಡರು. 1972ರಿಂದ ಆ ಮನೆ ವಸ್ತುಸಂಗ್ರಹಾಲಯ. ಆ ಕಡೆ ಹೋದರೆ ಮೆಟ್ಟಿಲು ಆಮೇಲೆ ನೋಡಿ, ಮೊದಲು ಗೂಟಗಳನ್ನು ಹುಡುಕಿ.